ಮಾಣಿಕಿಯ ಕಣ್ಣ ಕೆಳಗಿನ ಸುಳಿ

ಶಿಗ್ಲಿ
ತಾ. ೧೬-೧೧-೧೯೭೬, ಮಂಗಳವಾರ

ಚಿರಂಜೀವಿ ನಿಜಲಿಂಗಪ್ಪನಿಗೆ ನಿನ್ನ ಕಾಕಾ ಹುಚ್ಚೀರಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಅವ್ವ ಗದಿಗೆವ್ವ ವೈನಿಯವರ ಪ್ರಕೃತಿ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೋ, ಇಲ್ಲ ತಾಟು ಮುಂದಿಟ್ಟುಕೊಂಡು ಹಾಗೆಯೇ ಕೂತುಬಿಡುತ್ತಾರೋ? ನೀಲಗಂಗವ್ವನ ಸೊಂಟನೋವು ಇಳಿಯಿತೇ? ಅವಳಿಗೆ ಈಗ ಏಳು ತಿಂಗಳು, ತುಂಬಿದ ಕೊಡ ಹೊರಿಸಬೇಡ, ನೀನೇ ಎರಡು ಕೊಡ ತಂದು ಹಾಕಿದರೆ ಗಂಡಸುತನಕ್ಕೆ ಏನೂ ಕಡಿಮೆಯಾಗುವುದಿಲ್ಲ. ಕೂಸು ಮಂಜವ್ವನ ಕೆಮ್ಮು ಹೋಗಿರಬೇಕು. ಬೆಟಗೇರಿಯಿಂದ ಬಂದ ನಮ್ಮ ಕಸ್ತೂರೆವ್ವಕ್ಕ ಇನ್ನೂ ನಿಮ್ಮಲ್ಲೇ ಇದ್ದಾಳೆಂದು ಬರೆದಿದ್ದೀ, ಅವಳ ಮೊಣಕಾಲು ಹೇಗಿದೆ? ಇಲ್ಲಿ ನಿನ್ನ ಚಿಗವ್ವ ಬಸವಣ್ಣೆವ್ವ ಆರಾಮ ಇದ್ದಾಳೆ. ನಾನೂ ಆರಾಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ.

ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಸಿಟ್ಟು ಮಾಡಬೇಡ. ಶೇಂಗಾ ಬಿಡಿಸುವ ಕೆಲಸವಿತ್ತು ಎಂದು ಹೇಳಬಹುದಿತ್ತು, ಆದರೆ ಅದು ಮುಗಿದೇ ಎಂಟು ದಿನವಾಯಿತು. ಮೂರು ಸಲ ಬರೆದು ಮೂರು ಸಲ ಹರಿದೆ. ನಿನ್ನ ಚಿಗವ್ವ ನೋಡಿ, "ಏನ ಬರಿಯಾಕತ್ತೀರಿ, ಹೊಲದ ಖರೀದಿ ಪತ್ರೇನು?" ಎಂದಳು. ಇಂದು ಬರೆಯದಿದ್ದರೆ ಪತ್ರ ನಿಮ್ಮ ಹರ್ತಿಗೆ ತಲುಪುವ ಮೊದಲೇ ಅಮಾವಾಸ್ಯೆ ಬಂದುಬಿಡುತ್ತದೆ. ಅದರ ಮರುದಿನ ಸೋಮವಾರ ಗದಗಿನ ಟಾಂಗಾದವನು ಬಂದು ಮಾಣಿಕಿಯನ್ನು ಒಯ್ಯುತ್ತಾನೆಂದು ನೀನು ಬರೆದಿದ್ದೀ. ಕೊನೆಗೆ, "ಕಾಕಾ, ಅವ್ವ ಕೊಡು ಅಂತಾಳ. ಅಪ್ಪನ ಕುದುರಿ, ನನ್ನ ಕೈ ಬರವಲ್ದು. ಸುಳಿ ನೋಡಿದವರು ನೀವು. ಕೊಡ್ಲೋ ಬ್ಯಾಡೋ, ನೀವ ಒಂದ ಮಾತ ಹೇಳ್ರಿ" ಎಂದು ಕೇಳಿದ್ದೀ. ಆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡಬೇಡ.

ಯಾಕೆ ಎನ್ನುವುದನ್ನು ಸ್ವಲ್ಪ ಸಾವಕಾಶವಾಗಿ ಬರೆಯುತ್ತೇನೆ. ಅದಕ್ಕಿಂತ ಮೊದಲು ಮಾಣಿಕಿಯ ಹೊಟ್ಟೆಯ ಮಾತು. ಕಾಳು ಮೂಸಿ ನೋಡಿ ಬಿಡುತ್ತಾಳೆಂದು ಬರೆದಿದ್ದೀ. ಹುರುಳಿಯನ್ನು ಬೇಯಿಸಿ ಪೂರಾ ಆರಿದ ಮೇಲೆ ಇಡು, ಬೆಚ್ಚಗಿದ್ದರೆ ಅವಳು ಮುಟ್ಟುವುದಿಲ್ಲ. ಮೊದಲು ನೀರು, ಆಮೇಲೆ ಕಾಳು. ಕಾಳು ತಿಂದ ಮೇಲೆ ಹೊಟ್ಟೆ ತುಂಬ ನೀರು ಕುಡಿಸಿದರೆ ಶೂಲೆ ಹಿಡಿಯುತ್ತದೆ, ಒಳ್ಳೊಳ್ಳೆಯ ಕುದುರೆಗಳು ಹೀಗೆ ಹೊರಳಾಡಿ ಸತ್ತದ್ದನ್ನು ನಾನು ನೋಡಿದ್ದೇನೆ. ಗೋದಲಿಯ ಹತ್ತಿರ ನಿಂತು ಏನಾದರೂ ಮಾತಾಡು. ನಿನ್ನ ಅಪ್ಪ ಆಕೆಗೆ ಕಾಳಿಟ್ಟು ಸುಮ್ಮನೆ ಬಂದವನಲ್ಲ. ಮಳೆ ಯಾವಾಗ ಬರುತ್ತದೆ, ಹತ್ತಿಯ ಧಾರಣಿ ಏನಾಯಿತು, ಯಾವ ಬೀಗರು ಹೇಗೆ ಮಾತಾಡಿದರು, ಎಲ್ಲವನ್ನೂ ಆಕೆಯ ಮುಂದೆ ಹೇಳುತ್ತಿದ್ದ. ನಲವತ್ತು ದಿನದಿಂದ ಆಕೆಯ ಕಿವಿಗೆ ಒಂದು ಮಾತೂ ಬಿದ್ದಿಲ್ಲ. ಕುದುರೆ ಹಸಿವೆಯಿಂದಷ್ಟೇ ತಿನ್ನುವುದಿಲ್ಲಪ್ಪ.

ಇನ್ನೊಂದು ಮಾತು. ಆಕೆಯನ್ನು ಕೊಟ್ಟಿಗೆಯಿಂದ ಹೊರಗೆ, ತಿಪ್ಪೆಯ ಕಡೆ ಕಟ್ಟಿದ್ದಾರೆಂದು ತಿಳಿಯಿತು. ಹಸಿಯಲ್ಲಿ ನಿಂತರೆ ಗೊರಸಿನ ಒಳಮೈ ಕೊಳೆಯುತ್ತದೆ. ಗೊರಸು ಎತ್ತಿ ಮೂಸಿ ನೋಡು, ಕೆಟ್ಟ ವಾಸನೆ ಬಂದರೆ ಕೆರೆದು ಬೇವಿನೆಣ್ಣೆ ಹಚ್ಚು. ಹಿಂದಿನ ಕಾಲು ಎತ್ತುವಾಗ ಮೊದಲು ಕೈಯನ್ನು ಬೆನ್ನ ಮೇಲಿಟ್ಟು ಸವರುತ್ತಾ ಕೆಳಗಿಳಿಸು. ಕಾಣದ ಕೈಗೆ ಎಂಥ ಸಾಧು ಕುದುರೆಯೂ ಬೆಚ್ಚುತ್ತದೆ.

ಈಗ ಸುಳಿಯ ಮಾತಿಗೆ ಬರುತ್ತೇನೆ.

ಆರು ವರ್ಷದ ಹಿಂದೆ ಮುಂಡರಗಿಯ ಕಡೆಯ ಒಬ್ಬ ಗೌಡರ ಮನೆಯಲ್ಲಿ ಈ ಕುದುರೆ ಇದೆಯೆಂದು ಕೇಳಿ ನಾನೂ ಅಣ್ಣನೂ ಹೋಗಿದ್ದೆವು. ನೀನು ಆಗ ಗದಗಿನಲ್ಲಿ ಓದುತ್ತಿದ್ದೆ. ನಮ್ಮ ಕಡೆ ಕುದುರೆ ಕೊಳ್ಳುವವರು ಹಲ್ಲಿಗಿಂತ ಮೊದಲು ಮೈಕೂದಲಿನ ಸುಳಿ ನೋಡುವುದು ನಿನಗೆ ಗೊತ್ತೇ ಇದೆ. ಕೊರಳಲ್ಲಿ ಸುಳಿಯಿದ್ದರೆ ದೇವಮಣಿ, ಯಜಮಾನನಿಗೆ ಒಳ್ಳೆಯದು. ಕಣ್ಣ ಕೆಳಗಿದ್ದರೆ ಕಣ್ಣೀರ ಸುಳಿ, ಆ ಮನೆಯ ಹೆಂಗಸಿನ ಕುಂಕುಮಕ್ಕೆ ಕೇಡು. ನಾನು ಹದಿನೈದು ವರ್ಷದವನಿದ್ದಾಗಿನಿಂದ ಕೈಯಾಡಿಸಿ ಸುಳಿ ಹೇಳುತ್ತಾ ಬಂದವನು. ಶಿರಹಟ್ಟಿ, ಲಕ್ಷ್ಮೇಶ್ವರದ ಜನ ಕುದುರೆ ಕೊಳ್ಳುವಾಗ ಬಂದು ಕರೆದೊಯ್ಯುತ್ತಿದ್ದರು. ಅಂದು ಅಣ್ಣ ದೂರ ನಿಂತು, "ನಿನ್ನ ಕೈ ಏನ ಹೇಳತೈತಿ ನೋಡಲೇ ಹುಚ್ಚೀರಾ, ನನಗಂತೂ ಆಕಿ ನಿಂತದ್ದ ಮನಸ್ಸಿಗೆ ಬಂದುಬಿಟ್ಟೈತಿ" ಎಂದ. ಗೌಡರು ನಕ್ಕು, "ಫಕ್ಕೀರಪ್ಪನವರ, ರೇಟ ಮಾತಾಡೂದಕಿಂತ ಮೊದಲ ಹಿಂಗ ಅಂದ್ರ ನಿಮ್ಮ ತಮ್ಮ ಏನ ಮಾಡ್ಯಾರು ಪಾಪ" ಎಂದರು. ನಾನು ಮೂಗಿನಿಂದ ಬಾಲದವರೆಗೆ ಕೈಯಾಡಿಸಿದೆ. ಕೊರಳಲ್ಲಿ ದೇವಮಣಿ ಇತ್ತು. ಕೆಟ್ಟದ್ದು ಒಂದೂ ಇರಲಿಲ್ಲ. ಎಡಗಣ್ಣಿನ ಕೆಳಗೆ ಜಾಲಿಮುಳ್ಳು ಗೀರಿದ ಹಸಿಗಾಯವಿತ್ತು, ಅಷ್ಟೆ. ಅದಕ್ಕೆ ನಾನೇ ಅರಿಶಿನ ಹಚ್ಚಿದ್ದೆ.

ಆಗ ಆಕೆಯ ಬೆನ್ನ ಮೇಲೆ ಮನುಷ್ಯ ಕೂತೇ ಇರಲಿಲ್ಲ. ಅಣ್ಣ ತಿಂಗಳೊಪ್ಪತ್ತು ಆಕೆಯನ್ನು ಶಿಗ್ಲಿಯಲ್ಲಿಯೇ ಇಟ್ಟುಕೊಂಡು ನಮ್ಮ ಎರೆ ಹೊಲದಲ್ಲಿ ಪಳಗಿಸಿದ. ನೇಗಿಲು ಹೂಡಿದ ಎರೆ ಮಣ್ಣಿನಲ್ಲಿ ಕಾಲು ಹೂತುಕೊಳ್ಳುವುದರಿಂದ ಎಂಥ ಹುಮ್ಮಸ್ಸಿನ ಕುದುರೆಯಾದರೂ ಹಾರಾಡಲಾರದು. ಮೊದಲ ಎಂಟು ದಿನ ಉದ್ದ ಹಗ್ಗ ಹಿಡಿದು ಸುತ್ತ ತಿರುಗಿಸಿದೆವು. ಮುಂದೆ ಎಂಟು ದಿನ ಬರೀ ಗೋಣಿಚೀಲ ಬೆನ್ನ ಮೇಲೆ, ಆಮೇಲೆ ಅದರಲ್ಲಿ ಎರಡು ಸೇರು ಉಸುಕು, ಮರುದಿನ ನಾಲ್ಕು ಸೇರು. ಇಪ್ಪತ್ತೈದನೆಯ ದಿನ ಅಣ್ಣ ಹೊಟ್ಟೆಯೂರಿ ಅಡ್ಡ ಮಲಗಿದ ಹಾಗೆ ಆಕೆಯ ಬೆನ್ನೇರಿ, ಮೆಲ್ಲಗೆ ಕಾಲು ಹಾಕಿ ಕೂತ. ಮಾಣಿಕಿ ತಿರುಗಿ ಅವನ ಪಾದ ಮೂಸಿ ನೋಡಿ ಸುಮ್ಮನಾದಳು. ಅಣ್ಣನ ಕಣ್ಣು ತುಂಬಿ ಬಂದಿತು.

ಬಸ್ಸಿನ ಹಾರನ್ನಿಗೆ ಮಾತ್ರ ಬೆದರುತ್ತಿದ್ದಳು. ಅದಕ್ಕೆ ಎಂಟು ದಿನ ಬಾಯಿಗೆ ಕಾಳಿನ ಚೀಲ ಕಟ್ಟಿ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದೆವು. ಯಾರೋ, "ಯಜಮಾನ್ರ, ಕುದುರಿ ಯಾವ ಬಸ್ಸಿಗೆ ಹೊಂಟೈತ್ರಿ?" ಎಂದು ಚೇಷ್ಟೆ ಮಾಡಿದರು. ಅಣ್ಣ ಮುಖ ಗಂಭೀರ ಮಾಡಿ, "ಗದಗಿನ ಬಸ್ಸಿಗ್ರಿ. ಟಿಕೀಟ ತಗಸೇವಿ, ಕಂಡಕ್ಟರ ಸೀಟ ಇಲ್ಲ ಅಂತಾನ" ಎಂದ. ಹೀಗೆ ಬೈಗುಳವಿಲ್ಲದೆ, ಬಾರುಕೋಲಿಲ್ಲದೆ ಪಳಗಿದ ಪ್ರಾಣಿ ಅದು. ಅದನ್ನು ಈಗ ಹನ್ನೊಂದನೆಯ ವಯಸ್ಸಿನಲ್ಲಿ ಟಾಂಗಾಕ್ಕೆ ಹೂಡಿದರೆ ಏನಾಗುತ್ತದೆ ಗೊತ್ತೇ? ಗಾಡಿ ಎಳೆದು ಗೊತ್ತಿಲ್ಲದ ಕುದುರೆ ಹಿಂದಿನ ಗಾಲಿಯ ಸಪ್ಪಳಕ್ಕೆ ಓಡುತ್ತದೆ, ಓಡಿದ್ದಕ್ಕೆ ಹೊಡೆತ ಬೀಳುತ್ತದೆ, ಹೊಡೆತಕ್ಕೆ ಇನ್ನೂ ಓಡುತ್ತದೆ. ಒಂದು ವರ್ಷ ಬಾಳಿದರೆ ಹೆಚ್ಚು.

ಅಣ್ಣನಿಗೆ ಮಣ್ಣು ಕೊಟ್ಟ ಮರುದಿನದ ಮಾತು ನಿನ್ನ ಕಣ್ಣೆದುರಿಗೇ ನಡೆದದ್ದು. ಆದರೂ ಬರೆಯುತ್ತೇನೆ, ಯಾಕೆಂದರೆ ನನ್ನ ಕಡೆಯಿಂದ ಅದು ಹೇಗೆ ನಡೆಯಿತೆಂದು ನೀನು ತಿಳಿಯಬೇಕು. ಪಡಸಾಲೆಯಲ್ಲಿ ಮಂದಿ ತುಂಬಿದ್ದರು. ಕಸ್ತೂರೆವ್ವಕ್ಕ ಗೋಡೆಗೊರಗಿ ಕೂತವಳು ಒಮ್ಮೆಲೆ, "ಆ ಕುದುರಿ ಮಾರ್ಯಾಗ ಏನೋ ಐತಿ. ಆರು ವರ್ಷ ಹತ್ತಿ ಇಳದಾಂವ ಮೆಟ್ಟಲಾ ಇಳದಂಗ ಇಳೀತಿದ್ದ. ಅಂಥಾಂವ ಹೆಂಗ ಬಿದ್ದ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಹುಚ್ಚೀರಾ, ನೀ ನೋಡಿ ತಂದದ್ದಲ್ಲೇನೋ ಅದು? ನಿನ್ನ ಕೈಗೆ ಏನೂ ಸಿಗಲಿಲ್ಲೇನು?" ಎಂದಳು. ಎಲ್ಲರೂ ನನ್ನನ್ನೇ ನೋಡಿದರು. ವೈನಿಯವರೂ ಮುಖ ಎತ್ತಿ ನೋಡಿದರು. ನಾನು ಎದ್ದು ಕೊಟ್ಟಿಗೆಗೆ ಹೋದೆ, ನಾಲ್ಕು ಮಂದಿ ಹಿರಿಯರು ನನ್ನ ಹಿಂದೆ ಬಂದರು. ಮಾಣಿಕಿಯ ಎಡಗಣ್ಣಿನ ಕೆಳಗೆ ಬೆರಳಿಟ್ಟು, "ಐತಿ. ಕಣ್ಣೀರ ಸುಳಿ. ಆಗ ಕಂಡಿದ್ದಿಲ್ಲ" ಎಂದೆ. ವೈನಿಯವರು ಬಾಗಿಲಲ್ಲಿ ನಿಂತು ಕೇಳಿದರು. ಒಳಗೆ ಬಂದು ಮಾಣಿಕಿಯ ಮುಂದಿದ್ದ ನೀರಿನ ಬಕೀಟನ್ನು ಕಾಲಿನಿಂದ ಒದ್ದು ಚೆಲ್ಲಿದರು. ಅಂದಿನಿಂದ ಆ ಕುದುರೆ ಆ ಮನೆಗೆ ಕೊಲೆಗಾತಿಯಾಯಿತು.

ನಿಜಲಿಂಗಾ, ಅದು ಸುಳಿ ಅಲ್ಲ.

ನನ್ನ ಮಾತು ನಂಬಬೇಡ, ನೀನೇ ನೋಡು. ಆ ಜಾಗವನ್ನು ನೀರಿನಿಂದ ತೊಯ್ಯಿಸಿ ಬೆರಳಿನಿಂದ ಕೂದಲು ಬಿಡಿಸು. ಹುಟ್ಟುಸುಳಿಯಾದರೆ ಕೂದಲು ಒಂದು ಚುಕ್ಕೆಯ ಸುತ್ತ ತಿರುಗಿರುತ್ತದೆ. ಇಲ್ಲಿ ನಿನಗೆ ಚುಕ್ಕೆ ಸಿಗುವುದಿಲ್ಲ, ಜೋಳದ ಕಾಳಿನಷ್ಟು ಉದ್ದದ ಬೋಳು ಗೆರೆ ಸಿಗುತ್ತದೆ. ಅದು ಮುಳ್ಳು ಗೀರಿದ ಗಾಯ ಮಾಯ್ದ ಗುರುತು. ಅದರ ಎರಡೂ ಬದಿಯ ಕೂದಲು ವಾಲಿಕೊಂಡು ಸುಳಿಯ ಹಾಗೆ ಕಾಣುತ್ತದೆ. ನಿನ್ನ ಅವ್ವನನ್ನೂ ಕರೆದು ತೋರಿಸು, ಕಸ್ತೂರೆವ್ವಕ್ಕನಿಗೂ ತೋರಿಸು. ಹುಚ್ಚೀರಪ್ಪ ಹೇಳಿದ್ದು ಸುಳ್ಳು ಎಂದು ಹುಚ್ಚೀರಪ್ಪನೇ ಬರೆದಿದ್ದಾನೆ ಎಂದು ಹೇಳು.

ಖರೆ ಹೇಳಬೇಕೆಂದರೆ ಸುಳಿಯ ಮೇಲೆ ನನಗೇ ನಂಬಿಕೆ ಹೋಗಿ ಬಹಳ ವರ್ಷವಾಯಿತು. ಶಿರಹಟ್ಟಿಯಲ್ಲಿ ಒಬ್ಬ ಸಾಹುಕಾರರ ಕುದುರೆಗೆ ಎರಡೂ ಕಣ್ಣ ಕೆಳಗೆ ಸುಳಿಯಿತ್ತು. ನಾನು ಬೇಡ ಎಂದರೂ ಕೊಂಡರು. ಗಂಡಹೆಂಡಿರಿಬ್ಬರೂ ಮೊಮ್ಮಕ್ಕಳ ಮದುವೆ ನೋಡಿದರು. ನಾನು ಆಯ್ದು ತಂದ ನನ್ನ ಸ್ವಂತದ ಕುದುರೆಗೆ ಎಲ್ಲಾ ಒಳ್ಳೆಯ ಸುಳಿಗಳಿದ್ದವು, ಅದು ಕೆಡವಿ ನನ್ನ ತೊಡೆ ಮುರಿಯಿತು. ಅಂದಿನಿಂದ ನಾನು ಕುದುರೆ ಏರಲಿಲ್ಲ. ಆದರೂ ಜನ ಕೇಳಲು ಬರುತ್ತಿದ್ದರು, ನಾನು ಹೇಳುತ್ತಿದ್ದೆ. ಮಂದಿ ಕೈಮುಗಿದು ಕೇಳುವ ಒಂದು ಮಾತು ನಮ್ಮ ಹತ್ತಿರ ಇದೆ ಎನ್ನುವುದು ಬಿಡಲಾರದಂಥ ರುಚಿ.

ಗದಗಿನ ದವಾಖಾನೆಯಲ್ಲಿ ಮೂರನೆಯ ದಿನ ಅಣ್ಣ ಕಣ್ಣು ತೆರೆದಾಗ ನೀನೂ ಇದ್ದೆ. "ಮಾಣಿಕಿಗೆ ನೀರ ಕುಡಿಸ್ಯಾರೇನು?" ಎಂದು ಕೇಳಿದ. ನೀನು ಹ್ಞೂಂ ಎಂದೆ. ಬಿದ್ದವನಿಗೆ ಆ ಕುದುರೆಯ ಮೇಲೆ ಸಿಟ್ಟಿರಲಿಲ್ಲ. ವೈನಿಯವರಿಗೆ ಇದನ್ನು ನೀನು ಹೇಳಿಲ್ಲವಾದರೆ ಹೇಳು.

ಮಾಣಿಕಿಯನ್ನು ಉಳಿಸಿಕೊಂಡರೆ ನೀನೇ ಏರಬೇಕು. ನಿನ್ನ ಕೈ ಲಗಾಮಿನ ಮೇಲೆ ಗಟ್ಟಿ, ಅದನ್ನು ಬಿಡು. ಆಕೆಗೆ ಮೊಣಕಾಲಿನ ಒತ್ತು ಸಾಕು. ಮೊದಲ ನಾಲ್ಕು ದಿನ ಏರಬೇಡ, ಲಗಾಮು ಹಿಡಿದು ಹೊಲದವರೆಗೆ ನಡೆಸಿಕೊಂಡು ಹೋಗಿ ಬಾ. ಹಳ್ಳದಲ್ಲಿ ಇಳಿಯುವಾಗ ಅವಸರ ಮಾಡಬೇಡ, ಆಕೆ ತಾನೇ ಜಾಗ ಹುಡುಕುತ್ತಾಳೆ. ಬೆವರಿದ ಮೈಗೆ ತಣ್ಣೀರು ಹಾಕಬೇಡ, ಹುಲ್ಲಿನಿಂದ ತಿಕ್ಕು. ಮನೆಯಲ್ಲಿ ನೋಡಲು ಆಗದಿದ್ದರೆ ಇಲ್ಲಿಗೆ ಕಳಿಸು, ನಾನು ಸಾಕುತ್ತೇನೆ. ಆದರೆ ಟಾಂಗಾದವನಿಗೆ ಬೇಡ.

ವೈನಿಯವರಿಗೂ ಅಕ್ಕನಿಗೂ ನನ್ನ ನಮಸ್ಕಾರ ಹೇಳು. ನೀಲಗಂಗವ್ವನಿಗೆ ಸುಖವಾಗಿ ಹೆರಿಗೆಯಾಗಲಿ, ಮಂಜವ್ವ ದೊಡ್ಡ ಆಯುಷ್ಯದವಳಾಗಲಿ. ನಿನ್ನ ಮನೆ ತಣ್ಣಗಿರಲಿ.

ಇತಿ ನಿನ್ನ ಕಾಕಾ,
ಹುಚ್ಚೀರಪ್ಪ

ತಾ. ಕ.: ಸಹಿ ಮಾಡಿ ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇಷ್ಟು ಬರೆದು ನಿಲ್ಲಿಸಿದರೆ, ಕಾಕಾ ವಯಸ್ಸಾಗಿ ಗಾಯಕ್ಕೂ ಸುಳಿಗೂ ವ್ಯತ್ಯಾಸ ತಿಳಿಯದೆ ತಪ್ಪಿದ ಎಂದು ನೀನು ತಿಳಿಯುತ್ತೀ. ನಾನು ತಪ್ಪಲಿಲ್ಲ. ಬೆರಳಿಟ್ಟಾಗಲೇ ಅದು ಗಾಯ ಎಂದು ನನಗೆ ಗೊತ್ತಿತ್ತು.

ಅಣ್ಣ ಬನ್ನಿ ಕೊಡಲು ದಸರೆ ಹಬ್ಬದ ಮರುದಿನ ಶಿಗ್ಲಿಗೆ ಬಂದಿದ್ದನಲ್ಲ, ರಾತ್ರಿ ಇಲ್ಲೇ ಉಳಿದು ಮುಂಜಾನೆ ಹೊರಡುವಾಗ ಕಟ್ಟೆಯ ಮೇಲೆ ಊರ ಹಿರಿಯರು ಐದಾರು ಮಂದಿ ಕೂತಿದ್ದರು. ನಾನು ಜೀನು ಕಟ್ಟುತ್ತಿದ್ದೆ. ಅವನ ಕುದುರೆಗೆ ಜೀನು ನಾನೇ ಕಟ್ಟಬೇಕು, ಹುಡುಗರಾಗಿದ್ದಾಗಿನಿಂದ ಹಾಗೆ. ಯಾರೋ, "ಹುಚ್ಚೀರಪ್ಪಗ ಕುದುರಿ ವಿದ್ಯಾ ಅಂದ್ರ ಕರತಲಾಮಲಕ" ಎಂದರು. ಅಣ್ಣ ನಕ್ಕ. "ನಮ್ಮ ಹುಚ್ಚೀರ ನೋಡಾಂವ, ಹತ್ತಾಂವಲ್ರಿ. ಒಂದ ಸಲ ಬಿದ್ದ, ಮತ್ತ ಏರಲಿಲ್ಲ. ನನ್ನ ಕುದುರಿಗೆ ಜೀನ ಕಟ್ಟೂದರಾಗ ಇವ್ನ ಜಲ್ಮ ಹೋತು" ಎಂದ. ಎಲ್ಲರೂ ನಕ್ಕರು. ಅವನ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ನನಗೆ ಮೈಯೆಲ್ಲಾ ಉರಿಯಿತು.

ಜೀನು ಕಟ್ಟುವುದನ್ನು ಮೇಲೆ ನಾನು ನಿನಗೆ ಬರೆಯಲಿಲ್ಲ, ಬರೆಯಲು ಕೈ ಬರಲಿಲ್ಲ. ಈಗ ಬರೆಯುತ್ತೇನೆ. ಹೊಟ್ಟೆಪಟ್ಟಿ ಬಿಗಿಯುವಾಗ ಮಾಣಿಕಿ ಉಸಿರು ಹಿಡಿದು ಹೊಟ್ಟೆ ಉಬ್ಬಿಸುತ್ತಾಳೆ. ಆಗ ಪಟ್ಟಿ ಬಿಗಿಯಾದ ಹಾಗೆ ಕಾಣುತ್ತದೆ. ಹತ್ತು ಹೆಜ್ಜೆ ನಡೆಸಿ, ಆಕೆ ಉಸಿರು ಬಿಟ್ಟ ಮೇಲೆ ಮತ್ತೆ ಎರಡು ತೂತು ಎಳೆದು ಬಿಗಿಯಬೇಕು. ಇದು ನನಗೂ ಅಣ್ಣನಿಗೂ ಗೊತ್ತು. ಅಂದು ನಾನು ಒಂದು ಸಲ ಬಿಗಿದು ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ಅಣ್ಣ ರಿಕಾಬಿಗೆ ಕಾಲಿಡುವ ಮೊದಲು ಕೇಳಿದ, "ಬಿಗದಿಯೇನಲೇ?" ನಾನು ಕೂತಲ್ಲಿಂದಲೇ "ಹ್ಞೂಂ, ಬಿಗದೇನಿ" ಎಂದೆ. ಅವನು ಪಟ್ಟಿಗೆ ಬೆರಳು ಹಾಕಿ ಕೂಡ ನೋಡಲಿಲ್ಲ. ನನ್ನ ಕೈಯಿಂದ ಕಟ್ಟಿದ್ದನ್ನು ಅವನು ಎಂದೂ ತಿರುಗಿ ನೋಡಿದವನಲ್ಲ.

ಅವನು ಸಾಯಲಿ ಎಂದು ನಾನು ಬಗೆಯಲಿಲ್ಲ, ಇದನ್ನಾದರೂ ನಂಬು. ಊರ ಅಗಸಿ ಬಾಗಿಲು ದಾಟುವುದರೊಳಗೆ ಜೀನು ಸ್ವಲ್ಪ ಜಾರಲಿ, ಇಳಿದು ನಾಲ್ಕು ಮಂದಿಯ ಮುಂದೆ ನನ್ನನ್ನು ಕೂಗಲಿ, ನನ್ನ ಜನ್ಮ ಯಾವುದರಲ್ಲಿ ಹೋಯಿತು ಎನ್ನುವುದು ಅವನಿಗೆ ತಿಳಿಯಲಿ ಎಂದುಕೊಂಡಿದ್ದೆ. ಅಗಸಿಯ ತನಕ ರಸ್ತೆ ಸಪಾಟು, ಜೀನು ಜಾರಲಿಲ್ಲ. ಅವನು ಕಣ್ಮರೆಯಾದ. ಕೂಗಬಹುದಿತ್ತು. ಕೂಗಲಿಲ್ಲ. ಎರಡು ಮೈಲಿಯ ಮೇಲೆ ಹಳ್ಳದ ಇಳುಕಲಿನಲ್ಲಿ ಜೀನು ತಿರುಗಿತು.

ಖಬರು ಬಂದು ನಾನು ಓಡಿ ಹೋದಾಗ ಬಂಡಿಯವರು ಅವನನ್ನು ಎತ್ತುತ್ತಿದ್ದರು. ಕುದುರೆಯ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ಜೀನು ಆಕೆಯ ಹೊಟ್ಟೆಯ ಕೆಳಗೆ ಜೋತಾಡುತ್ತಿತ್ತು. ಬೇರೆ ಯಾವ ಕುದುರೆಯಾದರೂ ಒದ್ದು ಒದ್ದು ಓಡಿಹೋಗುತ್ತಿತ್ತು. ಮಾಣಿಕಿ ಅವನ ಪಕ್ಕದಲ್ಲಿ, ಅವನಿಗೆ ಗೊರಸು ತಾಗದ ಹಾಗೆ, ಒಂದು ಕಾಲೂ ಕದಲಿಸದೆ ನಿಂತಿದ್ದಳು. ಮೊದಲು ನಾನು ಅಣ್ಣನ ಹತ್ತಿರ ಹೋಗಲಿಲ್ಲ ನಿಜಲಿಂಗಾ. ಮೊದಲು ಹೋಗಿ ಪಟ್ಟಿ ಬಿಚ್ಚಿ ಜೀನು ಕೆಳಗಿಳಿಸಿದೆ.

ಮಾರುವ ಮೊದಲು ಹೊಲಿಗೆ ಹಾಕಿಸಲೆಂದು ನೀನು ಆ ಜೀನನ್ನು ಲಕ್ಷ್ಮೇಶ್ವರದ ಹಸೀನಾಬಿಯ ಹತ್ತಿರ ಕಳಿಸಿದ್ದೀ. ತೀರಿಕೊಂಡ ಗಂಡನ ಜೀನಿನ ಕೆಲಸವನ್ನು ಈಗ ಅವಳೇ ಮಾಡುತ್ತಾಳೆ. ಹೋದ ಶುಕ್ರವಾರ ಸಂತೆಗೆ ಹೋದಾಗ ನನ್ನನ್ನು ಕರೆದಳು. ಹೊಟ್ಟೆಪಟ್ಟಿಯನ್ನು ನನ್ನ ಮುಂದೆ ಹಿಡಿದು, "ಅಣ್ಣಾರ, ಇದು ಎಲ್ಲೂ ಹರದಿಲ್ಲ, ಬಕ್ಕಲ್ಲೂ ಮುರದಿಲ್ಲ. ಹಂಗಾರ ಜೀನ ಹೆಂಗ ತಿರುಗೀತು? ಇದನ್ನ ಯಾರೋ ಸಡ್ಲ ಬಿಟ್ಟಾರ" ಎಂದಳು. ನಾನು ಪಟ್ಟಿಯನ್ನು ಮಡಚಿ ಅವಳ ಕೈಗೇ ಕೊಟ್ಟೆ. ಅವಳು ನನ್ನ ಮುಖ ನೋಡಿ, "ನಾ ಯಾರ ಮುಂದೂ ಹೇಳಂಗಿಲ್ಲ. ಆದ್ರ ಆ ಕುದುರಿಗೆ ತನ್ನ ಮಾತ ಹೇಳಾಕ ಬಾಯಿಲ್ರಿ" ಎಂದಳು.

ಈ ಪತ್ರವನ್ನು ನಿನ್ನ ಅವ್ವನಿಗೆ ಓದಿ ಹೇಳು. ನಾನೇ ಬಂದು ಹೇಳಬೇಕಿತ್ತು. ಬಸ್ಸು ಹತ್ತಲೆಂದು ಎರಡು ಸಲ ಹೋಗಿ ತಿರುಗಿ ಬಂದೆ. ವೈನಿಯವರು ಬಾ ಎಂದರೆ ಬಂದು ಅವರ ಮುಂದೆ ನಿಲ್ಲುತ್ತೇನೆ, ಬೇಡ ಎಂದರೆ ಆ ಹೊಸ್ತಿಲು ಮತ್ತೆ ತುಳಿಯುವುದಿಲ್ಲ. ಕ್ಷಮಿಸು ಎಂದು ಬರೆಯುವ ಮುಖ ನನಗಿಲ್ಲ. ಸೋಮವಾರ ಟಾಂಗಾದವನನ್ನು ಬರಿಗೈಯಲ್ಲಿ ಕಳಿಸು, ನಾನು ಕೇಳುವುದು ಅದೊಂದೇ. ಕಳಿಸಿದೆಯೋ ಇಲ್ಲವೋ, ಒಂದು ಕಾರ್ಡಿನಲ್ಲಿ ಒಂದು ಸಾಲು ಬರೆದು ಹಾಕು. ಬೈದು ಬರೆದರೂ ಆಗಲಿ, ಕಾಕಾ ಎಂದು ಕರೆಯದೆ ಬರೆದರೂ ಆಗಲಿ, ಆದರೆ ಜಲ್ದಿ ಬರೆ.